ಓದುಗರ ಪ್ರಶ್ನೆ: ಯೋಗ ಒಂದೇ ಸಾಕೇ?

ಪ್ರಶ್ನೆ: ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಆಸನ, ಪ್ರಾಣಾಯಾಮ ಮಾಡುತ್ತೇನೆ. ದೇಹ ಗಟ್ಟಿಮುಟ್ಟಾಗಿರಲು ಇಷ್ಟು ಸಾಲದೇ? ವಾಕಿಂಗ್, ಜಿಮ್ ಎಂದು ಬೇರೆ ಏಕೆ?

ಸಾಲದು. ಜಯನಗರದ ನನ್ನ ತರಗತಿಗೆ ಹೊಸದಾಗಿ ಸೇರುವವರೆಲ್ಲ ಇದನ್ನೇ ಕೇಳುತ್ತಾರೆ. ಯೋಗ ಕಲಿಸುವ ನಾನೇ ಹೀಗೆ ಹೇಳಿದಾಗ ಕೆಲವರಿಗೆ ಬೇಸರವಾಗುತ್ತದೆ. ಆದರೆ ವಿದ್ಯೆಯ ಮೇಲೆ ಗೌರವವಿದ್ದವರು ಅದರ ಎಲ್ಲೆಯನ್ನೂ ಹೇಳಬೇಕು. ಆಸನಗಳಿಂದ ಕೀಲುಗಳು ಸಡಿಲವಾಗುತ್ತವೆ, ಬೆನ್ನು ನೆಟ್ಟಗಾಗುತ್ತದೆ, ಸಮತೋಲನ ಬರುತ್ತದೆ. ಹಗಲೆಲ್ಲ ಕಚೇರಿಯಲ್ಲಿ ಕುಳಿತು, ಮತ್ತೆ ಸಿಲ್ಕ್ ಬೋರ್ಡ್ ದಾಟುವವರೆಗೂ ಕುಳಿತೇ ಮನೆಗೆ ಬರುವವರಿಗೆ ಇದು ಸಣ್ಣ ಲಾಭವಲ್ಲ. ಹೃದಯದ ಕಸುವು, ಸ್ನಾಯುಗಳ ಬಲ ಮಾತ್ರ ಬೇರೆಯದೇ ಲೆಕ್ಕ.

ಇಷ್ಟು ಹೇಳುವಷ್ಟರಲ್ಲಿ ಆಕ್ಷೇಪ ಬರುತ್ತದೆ. “ಪ್ರಾಣಾಯಾಮದಿಂದ ರಕ್ತಕ್ಕೆ ಹೆಚ್ಚು ಆಮ್ಲಜನಕ ಸಿಗುತ್ತದಲ್ಲ ಗುರುಗಳೇ, ಹೃದಯಕ್ಕೆ ಅದೇ ವ್ಯಾಯಾಮವಲ್ಲವೇ?” ಎಷ್ಟು ಸಲ ತಿದ್ದಿದರೂ ಮರಳಿ ಬರುವ ಈ ಮಾತನ್ನು ಇವತ್ತು ಬುಡಸಮೇತ ಕಿತ್ತುಹಾಕೋಣ.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಬೆರಳಿಗೆ ಹಾಕಿ ನೋಡಿ. ಆರೋಗ್ಯವಂತರು ಸುಮ್ಮನೆ ಕುಳಿತಿದ್ದಾಗಲೇ ಅದು ಸಾಮಾನ್ಯವಾಗಿ 95ರಿಂದ 99 ತೋರಿಸುತ್ತದೆ. ಅಂದರೆ ರಕ್ತದ ಹಿಮೋಗ್ಲೋಬಿನ್ ಆಗಲೇ ಆಮ್ಲಜನಕದಿಂದ ಬಹುಪಾಲು ತುಂಬಿದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ನೀರು ಹಿಡಿದೀತು? ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುವಾಗ ಆರೋಗ್ಯವಂತರಿಗೂ ಏದುಸಿರು ಬರುವುದು ಎದೆಗೆ ಗಾಳಿ ಸಾಲದೆ ಅಲ್ಲ. ಒಂದೊಂದು ಬಡಿತಕ್ಕೆ ಹೃದಯ ತಳ್ಳುವ ರಕ್ತ ಕಡಿಮೆ. ಬಂದ ಆಮ್ಲಜನಕವನ್ನು ಬಳಸಿಕೊಳ್ಳುವ ಮೈಟೊಕಾಂಡ್ರಿಯಾ ಸ್ನಾಯುಕೋಶಗಳಲ್ಲಿ ಕಡಿಮೆ. ಇವೆರಡೂ ಹೆಚ್ಚಬೇಕಾದರೆ ಹೃದಯದ ಬಡಿತ ಏರಬೇಕು, ಏರಿದ್ದು ಸ್ವಲ್ಪ ಹೊತ್ತು ಹಾಗೆಯೇ ಇರಬೇಕು, ವಾರಗಟ್ಟಲೆ ಇದು ನಡೆಯಬೇಕು. ಒಂದಾದ ಮೇಲೊಂದು ಮೂಗಿನ ಹೊಳ್ಳೆಯಿಂದ ನಿಧಾನವಾಗಿ ಉಸಿರಾಡುವ ನಾಡಿಶೋಧನ ಪ್ರಾಣಾಯಾಮದಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಉಸಿರು ನಿಧಾನವಾಗುತ್ತದೆ, ನಾಡಿ ಇಳಿಯುತ್ತದೆ, ಮನಸ್ಸು ತಣಿಯುತ್ತದೆ. ಅದು ಪ್ರಾಣಾಯಾಮದ ಹಿರಿಮೆ. ಓಟದ ಕೆಲಸವನ್ನು ಅದರ ತಲೆಗೆ ಕಟ್ಟಬೇಡಿ.

“ಹಾಗಾದರೆ ಕಪಾಲಭಾತಿ?” ಈ ಪ್ರಾಣಾಯಾಮದಲ್ಲಿ ಉಸಿರನ್ನು ಜೋರಾಗಿ ಹೊರಹಾಕುವಾಗ ಹೊಟ್ಟೆ ರಭಸವಾಗಿ ಆಡುತ್ತದೆ, ನಿಜ. ತೊಡೆಯಂತಹ ದೊಡ್ಡ ಸ್ನಾಯುಗಳು ಮಾತ್ರ ಆರಾಮವಾಗಿ ಕುಳಿತಿರುತ್ತವೆ. ಅವು ದುಡಿಯದೆ ಹೃದಯಕ್ಕೆ ದೊಡ್ಡ ಕೆಲಸ ಬೀಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಎಲ್ಲ ಮುಖ್ಯ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಬಿಡುವಿಲ್ಲದೆ ವೇಗವಾಗಿ ಮಾಡಿದ ಸೂರ್ಯನಮಸ್ಕಾರ ಮೊದಲನೆಯದರ ಲೆಕ್ಕಕ್ಕೆ ಬರುತ್ತದೆ. ನಿಧಾನವಾದ ಆಸನಗಳು ಸಾಮಾನ್ಯವಾಗಿ ಬರುವುದಿಲ್ಲ. ತೀವ್ರತೆ ಮಧ್ಯಮವೇ ಎಂದು ತಿಳಿಯುವ ಪರೀಕ್ಷೆ ಸುಲಭ: ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಲಾಲ್‌ಬಾಗ್‌ನಲ್ಲಿ ಈ ವೇಗದಲ್ಲಿ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ನಡೆದರೆ 150 ನಿಮಿಷ ಆಯಿತು. ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಿ.

ಬಲದ ವಿಷಯಕ್ಕೆ ಬಂದರೆ, ವೀರಭದ್ರಾಸನದಲ್ಲಿ ತೊಡೆ ದುಡಿಯುತ್ತದೆ, ಚತುರಂಗ ದಂಡಾಸನದಲ್ಲಿ ತೋಳು ನೆಲವನ್ನು ತಳ್ಳುತ್ತದೆ. ಭಾರವನ್ನು ನಮ್ಮತ್ತ ಎಳೆದುಕೊಳ್ಳುವ ಆಸನ ಹುಡುಕಿದರೂ ಸಿಗುವುದು ಕಷ್ಟ. ಬಡಾವಣೆಯ ಪಾರ್ಕಿನಲ್ಲಿರುವ ಕಬ್ಬಿಣದ ಕಂಬಿಗೆ ಜೋತುಬಿದ್ದು ಮೈಯನ್ನು ಮೇಲಕ್ಕೆ ಎಳೆಯಿರಿ. ಆಗದವರು ರಬ್ಬರ್ ಪಟ್ಟಿ ಎಳೆದರೂ ಆದೀತು.

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಅಪಾರ್ಟ್‌ಮೆಂಟಿನಲ್ಲಿ ಜಾಗವಿಲ್ಲ, ರಸ್ತೆಯಲ್ಲಿ ವಾಹನಗಳ ಭಯ ಎಂದು ಮಕ್ಕಳ ಆಟ ಬಿಡಿಸಿ ಯೋಗಕ್ಕೆ ಸೇರಿಸುವ ತಂದೆತಾಯಿಗಳು ಹೆಚ್ಚುತ್ತಿದ್ದಾರೆ. 5ರಿಂದ 17 ವರ್ಷದವರಿಗೆ ಅದೇ ಸಂಸ್ಥೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಿನ ಚಟುವಟಿಕೆ. ಎಳೆಯ ಮೂಳೆ ಗಟ್ಟಿಯಾಗುವುದು ಓಡಿದಾಗ, ಜಿಗಿದಾಗ. ಇದನ್ನು ವೃಕ್ಷಾಸನದಲ್ಲಿ ನಿಲ್ಲಿಸಿ ಮಾಡಿಸಲು ನನ್ನಿಂದಾಗದು. ವಾರಕ್ಕೆ ಎರಡು ದಿನ ನನ್ನ ಬಳಿ ಕಳುಹಿಸಿ, ಸಂತೋಷದಿಂದ ಕಲಿಸುತ್ತೇನೆ. ಉಳಿದ ಸಂಜೆಗಳಲ್ಲಿ ಹತ್ತಿರದ ಮೈದಾನಕ್ಕೆ ಕರೆದುಕೊಂಡು ಹೋಗಿ ಕಬಡ್ಡಿ, ಕುಂಟೆಬಿಲ್ಲೆ ಆಡಲು ಬಿಡಿ.