ತೂಕ ಇಳಿಸೋಕೆ ಯಾವ ವ್ಯಾಯಾಮ? ಮೊದಲು ಜುಲೈ ತಿಂಗಳನ್ನು ಕೇಳಿ

ಪ್ರಶ್ನೆ: ನನಗೆ 41 ವರ್ಷ. ಶಿವಮೊಗ್ಗದಲ್ಲಿ ಮನೆ, ದಿನವಿಡೀ ಕೂತು ಮಾಡುವ ಕೆಲಸ. ಎತ್ತರ ಐದಡಿ ಐದಿಂಚು, ತೂಕ 75 ಕೆ.ಜಿ. ಬಿ.ಪಿ., ಶುಗರ್ ಇಲ್ಲ. ವಾಕಿಂಗ್ ಸಾಕು ಅಂತ ಒಬ್ಬರು, ಜಿಮ್ಮಿಗೆ ಸೇರು ಅಂತ ಇನ್ನೊಬ್ಬರು, ಯೋಗ ಮಾಡಿ ಅಂತ ಮನೆಯವರು. ತೂಕ ಇಳಿದು ಮೈ ಗಟ್ಟಿಯಾಗೋಕೆ ಇವುಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ನಿಮ್ಮ ಪತ್ರದ ತಾರೀಕು ನೋಡಿದೆ. ಜನವರಿ. ಜನವರಿಯ ಶಿವಮೊಗ್ಗದಲ್ಲಿ ಎಲ್ಲ ವ್ಯಾಯಾಮವೂ ಒಳ್ಳೆಯದೇ. ಬೆಳಗ್ಗೆ ಆರಕ್ಕೆ ನೆಹರೂ ಸ್ಟೇಡಿಯಂಗೆ ಹೋಗಿ ನೋಡಿ, ಮಂಕಿ ಟೋಪಿ ಹಾಕಿದವರ ಸಾಲೇ ಸಾಲು. ಗಾಂಧಿ ಪಾರ್ಕಿನಲ್ಲೂ ಅಷ್ಟೇ. ಅದೇ ಜನರನ್ನು ಜುಲೈ ಎರಡನೇ ವಾರದಲ್ಲಿ ಹುಡುಕಿ. ನಾಲ್ಕೈದು ಕೊಡೆ ಕಂಡರೆ ಹೆಚ್ಚು. ಹಾಗಾಗಿ ನಿಮಗೆ ನನ್ನದೇ ಒಂದು ಪ್ರಶ್ನೆ: ನೀವು ಹೇಳಿದ ಮೂರರಲ್ಲಿ ಜುಲೈನಲ್ಲೂ ಮಾಡೋಕಾಗೋದು ಯಾವುದು?

ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ. ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಮನೆ ತೀರ್ಥಹಳ್ಳಿ ಕಡೆ. ಮಕ್ಕಳನ್ನೆಲ್ಲ ಓಡಿಸಿ, ನಾನು ಸೀಟಿ ಹಿಡಿದು ನಿಂತಲ್ಲೇ ದಪ್ಪ ಆದೆ. ಒಂದು ಫೆಬ್ರವರಿಯಲ್ಲಿ ನಾಚಿಕೆಯಾಗಿ ಪೇಟೆಯ ಜಿಮ್ಮಿಗೆ ಸೇರಿದೆ. ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಕಮ್ಮಿ ಅಂದರು, ಕಟ್ಟಿದೆ. ಮೇ ಕೊನೆ ತನಕ ಒಂದು ದಿನ ತಪ್ಪಿಸಲಿಲ್ಲ. ಆರಿದ್ರಾ ಮಳೆಗೆ ವಾರಕ್ಕೆ ಮೂರು ದಿನ ಆಯ್ತು. ಪುನರ್ವಸು ಹಿಡಿದ ಮೇಲೆ ರೈನ್‌ಕೋಟ್ ಒಣಗಲಿಲ್ಲ, ಶೂ ಒಣಗಲಿಲ್ಲ, ಬೆವರಿನ ಬಟ್ಟೆಯಂತೂ ಕೇಳಬೇಡಿ. ಪುಷ್ಯ ಮಳೆ ಬರೋ ಹೊತ್ತಿಗೆ ಬ್ಯಾಗಿನೊಳಗಿದ್ದ ಶೂಗೆ ಬೂಷ್ಟು ಹಿಡಿದಿತ್ತು. ಜಿಮ್ಮಿನವರದ್ದು ತಪ್ಪೇನಿಲ್ಲ. ಮನೆಯಿಂದ ಆರು ಕಿಲೋಮೀಟರ್ ದೂರ ಇರೋ ವ್ಯಾಯಾಮವನ್ನು ಆರಿಸಿಕೊಂಡವನು ನಾನು.

ಈಗ ಲೆಕ್ಕಕ್ಕೆ ಬರೋಣ. 75 ಕೆ.ಜಿ. ಇರುವವರು ಗಂಟೆಗೆ ಐದೂವರೆ ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ನಡೆದರೆ ಸುಮಾರು 160 ಕ್ಯಾಲರಿ ಖರ್ಚಾಗುತ್ತದೆ. ನಿಧಾನವಾಗಿ ಓಡಿದರೆ 260. ಗೆಳೆಯರ ಜೊತೆ ಶಟಲ್ ಆಡಿದರೆ 200ರ ಆಸುಪಾಸು. ನಿಧಾನವಾಗಿ ಯೋಗಾಸನ ಹಾಕಿದರೆ 95. ಇದನ್ನು ನೋಡಿ ಓಟವೇ ಗೆದ್ದಿತು ಅನ್ನಬೇಡಿ. ಟೀವಿ ಮುಂದೆ ಸುಮ್ನೆ ಕೂತಿದ್ದರೂ ಅದೇ ಅರ್ಧ ಗಂಟೆಗೆ 40-50 ಕ್ಯಾಲರಿ ಹೋಗಿಯೇ ಹೋಗುತ್ತಿತ್ತು. ಅದನ್ನು ಕಳೆದರೆ ನಡಿಗೆಯಿಂದ ಸಿಕ್ಕಿದ್ದು 110-120.

ದಿನಕ್ಕೆ ಮೂರು ಲೋಟ ಕಾಫಿ ಕುಡಿಯೋರು ನಮ್ಮಲ್ಲಿ ಮಾಮೂಲಿ. ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದ್ರೆ ಒಟ್ಟು ಆರು ಚಮಚ. ಚಮಚಕ್ಕೆ ಐದು ಗ್ರಾಂ, 20 ಕ್ಯಾಲರಿ. ಆರಕ್ಕೆ 120. ನಿಮ್ಮ ಅರ್ಧ ಗಂಟೆಯ ವಾಕಿಂಗ್ ಅಲ್ಲಿಗೆ ಸರಿಹೋಯ್ತು! ವಾಕಿಂಗ್ ಮುಗಿಸಿ ಗುಂಪಾಗಿ ಹೋಟೆಲಿಗೆ ನುಗ್ಗಿ ಮಸಾಲೆ ದೋಸೆ ತಿನ್ನೋರ ಲೆಕ್ಕ ನಾನು ಹಾಕೋದಿಲ್ಲ. ನಾನೂ ಆ ಗುಂಪಿನಲ್ಲಿದ್ದವನೇ.

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ದಿನಕ್ಕೊಂದು ಗಂಟೆ ಚುರುಕಾಗಿ ನಡೆದು, ಊಟ ಒಂದು ತುತ್ತೂ ಹೆಚ್ಚಾಗದಿದ್ದರೆ ತಿಂಗಳಿಗೆ ಕಷ್ಟಪಟ್ಟು ಒಂದು ಕಿಲೋ. ಅದೂ ಕಾಗದದ ಮೇಲೆ. ಮೈ ಅಷ್ಟು ಪೆದ್ದಲ್ಲ. ಬೆಳಗ್ಗೆ ದಣಿದರೆ ಮಧ್ಯಾಹ್ನ ಹಸಿವು ಜಾಸ್ತಿ ಮಾಡಿ, ಸಂಜೆ ಸೋಫಾ ಬಿಟ್ಟು ಏಳದ ಹಾಗೆ ಮಾಡಿ ಸ್ವಲ್ಪ ವಾಪಸ್ ವಸೂಲಿ ಮಾಡಿಕೊಳ್ಳುತ್ತೆ. ತೂಕ ಮುಖ್ಯವಾಗಿ ಇಳಿಯೋದು ಊಟದ ತಟ್ಟೆಯಲ್ಲಿ. ಹಾಗಾದ್ರೆ ವ್ಯಾಯಾಮ ಯಾಕೆ ಅಂತೀರಾ? ಇಳಿಯುವಾಗ ಕೊಬ್ಬು ಇಳಿಯಬೇಕು, ಮಾಂಸಖಂಡ ಉಳಿಯಬೇಕು. ಇಳಿದ ತೂಕ ಮತ್ತೆ ಏರಬಾರದು. ಹೃದಯ, ಸಕ್ಕರೆ, ನಿದ್ದೆ ಎಲ್ಲ ಸರಿ ಇರಬೇಕು. ಈ ಕೆಲಸಗಳನ್ನು ತಟ್ಟೆಯೊಂದೇ ಮಾಡೋದಿಲ್ಲ.

ಎಷ್ಟು ಮಾಡಬೇಕು ಅನ್ನೋದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಅಳತೆ ಇದೆ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಮಾಂಸಖಂಡ ಗಟ್ಟಿ ಮಾಡುವ ವ್ಯಾಯಾಮ. ಸಾಧಾರಣ ಶ್ರಮ ಅಂದ್ರೆ ನಡೆಯುತ್ತಾ ಮಾತಾಡೋಕಾಗಬೇಕು, ಹಾಡೋಕಾಗಬಾರದು. ದಿನಕ್ಕೆ 10,000 ಹೆಜ್ಜೆ ಅನ್ನೋದನ್ನು ಮಾತ್ರ ವೇದವಾಕ್ಯ ಮಾಡ್ಕೋಬೇಡಿ. ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಶುರುವಾಗಿದ್ದು.

ಅಂದ್ರೆ ನಿಮ್ಮ ಮೂರು ಸಲಹೆಗಾರರಲ್ಲಿ ಯಾರೂ ಪೂರ್ತಿ ಸರಿ ಅಲ್ಲ. ನಡಿಗೆ ಬೇಕು, ಭಾರದ ಕೆಲಸವೂ ಬೇಕು. ಯೋಗ ಬೆನ್ನಿಗೆ, ಉಸಿರಿಗೆ, ಮನಸ್ಸಿಗೆ ಒಳ್ಳೆಯದು. ಸೂರ್ಯನಮಸ್ಕಾರವನ್ನು ಬಿಡದೆ, ಸ್ವಲ್ಪ ವೇಗವಾಗಿ ಮಾಡಿದರೆ ಬೆವರೂ ಬರುತ್ತೆ. ಆದರೆ ತೂಕ ಇಳಿಸೋಕೆ ಅದನ್ನೊಂದೇ ನಂಬಬೇಡಿ.

ಭಾರದ ಕೆಲಸಕ್ಕೆ ಜಿಮ್ಮೇ ಬೇಕಂತಿಲ್ಲ. ಬೂಷ್ಟು ಹಿಡಿದ ಶೂ ಬಿಸಾಕಿದ ದಿನ ನಾನು ಜಗಲಿಯಲ್ಲಿ ಬಸ್ಕಿ ಶುರು ಮಾಡಿದೆ. ಹಂಚಿನ ಮೇಲೆ ಧೋ ಅಂತ ಮಳೆ, ಎಣಿಸಿದ್ದು ನನಗೇ ಕೇಳುತ್ತಿರಲಿಲ್ಲ. ಎಷ್ಟೋ ಮಕ್ಕಳಿಗೆ ಲೇಟಾಗಿ ಬಂದಿದ್ದಕ್ಕೆ, ಹೋಂವರ್ಕ್ ಮಾಡದ್ದಕ್ಕೆ ಬಸ್ಕಿ ಹೊಡೆಸಿದವನು ನಾನು. ಅಷ್ಟು ಒಳ್ಳೆ ವ್ಯಾಯಾಮವನ್ನು ಶಿಕ್ಷೆ ಅಂತ ಮಾಡಿ ಅದರ ಹೆಸರು ಕೆಡಿಸಿದೆ ಅಂತ ಈಗ ಬೇಜಾರಾಗುತ್ತೆ.

ಹೀಗೆ ಮಾಡಿ. ಜಗಲಿಕಟ್ಟೆಗೋ, ಗಟ್ಟಿಯಾದ ಕುರ್ಚಿಗೋ ಬೆನ್ನು ಮಾಡಿ ನಿಲ್ಲಿ. ಪಾದಗಳ ನಡುವೆ ಭುಜದಷ್ಟು ಅಂತರ. ಬಸ್ಸಿನಲ್ಲಿ ಸೀಟು ಸಿಕ್ಕಿತು ಅಂತ ಧೊಪ್ಪನೆ ಕೂರ್ತೀವಲ್ಲ, ಹಾಗಲ್ಲ. ಸೀಟು ಒದ್ದೆ ಇದೆಯೇನೋ ಅನ್ನೋ ಅನುಮಾನದಲ್ಲಿ ಇಳಿಯೋ ಹಾಗೆ, ಮೂರು ಎಣಿಸುತ್ತಾ ಹಿಂದಕ್ಕೆ ಇಳಿಯಿರಿ. ಕಟ್ಟೆಗೆ ಮೈ ತಾಗುತ್ತಿದ್ದ ಹಾಗೆ ಹಿಮ್ಮಡಿ ಒತ್ತಿ ಎದ್ದು ನಿಲ್ಲಿ. ಕೈಯನ್ನು ತೊಡೆಗೆ ಊರಬೇಡಿ. ಎಂಟು ಸಲ, ಎರಡು ನಿಮಿಷ ಬಿಡುವು, ಮತ್ತೆ ಎಂಟು. ಹೀಗೆ ಮೂರು ಸುತ್ತು. ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಂಡರೆ ಹೆದರಬೇಡಿ. ಎಂಟು ಸಲೀಸಾದ ಮೇಲೆ ಹನ್ನೆರಡು ಮಾಡಿ. ಅದೂ ಸಲೀಸಾದರೆ ಮಕ್ಕಳ ಸ್ಕೂಲ್ ಬ್ಯಾಗಿಗೆ ಐದು ಕಿಲೋ ಅಕ್ಕಿ ತುಂಬಿ ಎದೆಗೆ ಅಪ್ಪಿಕೊಂಡು ಮಾಡಿ. ಭಾರ ಏರುತ್ತಾ ಹೋಗಬೇಕು, ಗುಟ್ಟು ಅಷ್ಟೇ. ಆರು ತಿಂಗಳು ಅದೇ ಎಂಟನ್ನೇ ಮಾಡ್ತಾ ಕೂತರೆ ಮೈಗೆ ಅದು ಲೆಕ್ಕಕ್ಕೇ ಇರೋದಿಲ್ಲ.

ಎದೆ, ತೋಳಿಗೆ ಗರಡಿಮನೆಯ ದಂಡ (ಪುಶ್‌ಅಪ್) ಇದೆ. ನೆಲದ ಮೇಲೆ ಆಗದಿದ್ದರೆ ಮೊದಲು ಗೋಡೆಗೆ ಕೈಕೊಟ್ಟು, ಆಮೇಲೆ ಕಟ್ಟೆಗೆ, ಕೊನೆಗೆ ನೆಲಕ್ಕೆ. ಐದು ಲೀಟರಿನ ಎರಡು ಎಣ್ಣೆ ಕ್ಯಾನಿಗೆ ನೀರು ತುಂಬಿದರೆ ಕೈಗೊಂದು ಐದು ಕಿಲೋ ಸಿಕ್ಕಿತು. ಅದನ್ನು ಹಿಡಿದು ಸೊಂಟ ಬಗ್ಗಿಸಿ, ಬೆನ್ನು ನೇರ ಇಟ್ಟು, ಬಾವಿಯಿಂದ ಸೇದುವ ಹಾಗೆ ಪಕ್ಕೆಗೆ ಎಳೆದುಕೊಳ್ಳಿ. ಎಲ್ಲ ಸೇರಿ ಇಪ್ಪತ್ತೈದು ನಿಮಿಷ. ವಾರಕ್ಕೆ ಎರಡು ದಿನ, ಸಾಧ್ಯವಾದರೆ ಮೂರು.

ಹೊಟ್ಟೆ ಕರಗಿಸೋ ವ್ಯಾಯಾಮ ಹೇಳಿ ಅಂತ ಮುಂದಿನ ಪತ್ರ ಬರುತ್ತೆ, ಗೊತ್ತು. ಈಗಲೇ ಹೇಳಿಬಿಡ್ತೀನಿ. ಹೊಟ್ಟೆಯದ್ದು ಮಾತ್ರ ಕರಗಿಸುವ ವ್ಯಾಯಾಮ ಇಲ್ಲ. ಕೊಬ್ಬು ಎಲ್ಲಿಂದ ಮೊದಲು ಹೋಗಬೇಕು ಅಂತ ಮೈಯೇ ತೀರ್ಮಾನಿಸುತ್ತೆ. ಎಷ್ಟೋ ಜನರಿಗೆ ಹೊಟ್ಟೆಯೇ ಕೊನೆಗೆ ಬಿಟ್ಟ ಹಾಗೆ ಕಾಣುತ್ತೆ, ನಮ್ಮ ಗ್ರಹಚಾರ.

ಇನ್ನು ನಡಿಗೆ. ಮಲೆನಾಡಿನವರಿಗೆ ಬಯಲುಸೀಮೆಯವರಿಗಿಲ್ಲದ ಒಂದು ಅನುಕೂಲ ಇದೆ, ಏರು. ಸಪಾಟು ರಸ್ತೆಯಲ್ಲಿ ನಾಲ್ಕು ಸುತ್ತು ಹೊಡೆಯೋದಕ್ಕಿಂತ ಒಂದು ಒಳ್ಳೆ ದಿಬ್ಬ ಹತ್ತಿ ಇಳಿದರೆ ಎದೆಗೆ ಜಾಸ್ತಿ ಕೆಲಸ. ಕಡಿದಾದ ಏರಿನಲ್ಲಿ ಚುರುಕಾದ ನಡಿಗೆಯೇ ಓಟದ ಸಮಕ್ಕೆ ಬರುತ್ತೆ, ಮಂಡಿಗೆ ಓಟದ ಕುಟ್ಟಾಟವೂ ಇಲ್ಲ. ಊರಿನಲ್ಲೇ ಇರೋ ಗುಡ್ಡೇಕಲ್ ಹತ್ತಿ ನೋಡಿ. ಇಳಿಯುವಾಗ ಮಾತ್ರ ನಿಧಾನ. ಇಳಿತದಲ್ಲಿ ತೊಡೆಯ ಮಾಂಸಖಂಡ ಹಿಗ್ಗುತ್ತಾ ಭಾರ ತಡೆಯಬೇಕು. ಮೈಕೈ ನೋವು ಬರೋದು ಹತ್ತಿದ್ದಕ್ಕಲ್ಲ, ಇಳಿದಿದ್ದಕ್ಕೆ. ವರ್ಷಕ್ಕೊಮ್ಮೆ ಕೊಡಚಾದ್ರಿ ಹತ್ತಿ, ಫೋಟೋ ಹಾಕಿ, ಮತ್ತೆ ಹನ್ನೊಂದು ತಿಂಗಳು ಲಿಫ್ಟ್ ಹತ್ತೋರೂ ಇದ್ದಾರೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಮಳೆಗಾಲದಲ್ಲಿ ನಡಿಗೆಯನ್ನು ಚೂರು ಚೂರು ಮಾಡಿಕೊಳ್ಳಿ. ಒಟ್ಟಿಗೆ ಒಂದು ಗಂಟೆಯೇ ನಡೆಯಬೇಕು ಅನ್ನೋ ನಿಯಮ ಇಲ್ಲ. ಊಟ ಆದ ಮೇಲೆ ಹತ್ತು ಹತ್ತು ನಿಮಿಷ, ಮನೆಯೊಳಗೇ ಜಗಲಿಯಿಂದ ಹಿತ್ತಲ ಬಾಗಿಲ ತನಕ. ಊಟದ ನಂತರ ಏರುವ ಸಕ್ಕರೆಗೂ ಅದು ಒಳ್ಳೆಯದು. ಮಹಡಿ ಇದ್ದರೆ ಮೆಟ್ಟಿಲಿದೆಯಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಹೊಯ್ಯುತ್ತೆ. ಅಲ್ಲಿನವರು ಮೊದಲು ಮಳೆಗಾಲದಲ್ಲಿ ದಪ್ಪ ಆಗ್ತಿದ್ದರಾ? ತೋಟಕ್ಕೆ ಇಳಿದು ಹತ್ತೋದು, ಸೊಪ್ಪು ಹೊರೋದು, ಗದ್ದೆ ನೆಟ್ಟಿ, ಎಲ್ಲ ಕಂಬಳಿಕೊಪ್ಪೆಯೊಳಗೇ ನಡೀತಿತ್ತು. ಈಗ ಕೊಟ್ಟಿಗೆ ತನಕ ಬೈಕ್ ಹೋಗುತ್ತೆ.

ಮಳೆಯಲ್ಲಿ ಹೊರಗೆ ನಡೆಯೋದಾದರೆ ಪಾಚಿ ನೋಡಿಕೊಳ್ಳಿ. ಅಂಗಳದ ಕಲ್ಲಿನ ಮೇಲೆ ಜಾರಿ ಬಿದ್ದು ಮೂರು ವಾರ ನಾನು ಮಲಗಿದ್ದೆ. ಆ ಮೂರು ವಾರದಲ್ಲಿ ಎರಡು ಕಿಲೋ ವಾಪಸ್ ಬಂತು. ಕಾಡಂಚಿನಲ್ಲಿ ನಡೆಯೋರಿಗೆ ಇನ್ನೊಂದು ಮಾತು. ಇಂಬಳಕ್ಕೆ (ಜಿಗಣೆಗೆ) ಹೆದರಬೇಕಿಲ್ಲ, ಉಪ್ಪು ಹಾಕಿದರೆ ಬಿಡುತ್ತೆ. ಉಣುಗಿಗೆ (ಉಣ್ಣೆ ಹುಳಕ್ಕೆ) ಹೆದರಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡೋದು ಅದರಿಂದಲೇ. ಡಿಸೆಂಬರಿನಿಂದ ಮೇ ತನಕ ಅದರ ಕಾಲ, ಅಂದ್ರೆ ವಾಕಿಂಗಿಗೆ ಹವೆ ಚೆನ್ನಾಗಿರೋ ಕಾಲವೇ. ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಹೋಗಬೇಡಿ. ಉಳಿದ ಕಡೆಯೂ ತುಂಬುತೋಳು, ಪ್ಯಾಂಟು ಹಾಕಿ, ದರಕಿನ (ಉದುರಿದ ಒಣ ಎಲೆಯ) ಮೇಲೆ ಕೂರಬೇಡಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಮೈ ನೋಡಿಕೊಳ್ಳಿ.

ಊಟದ ಬಗ್ಗೆ ಉದ್ದ ಬರೆಯೋದಿಲ್ಲ. ಕಡುಬು, ಅಕ್ಕಿರೊಟ್ಟಿ ಬಿಡಿ ಅಂತಲೂ ಹೇಳೋದಿಲ್ಲ, ಹೇಳಿದರೆ ಬಿಡೋರು ಯಾರು? ಐದು ಕಡುಬು ತಿನ್ನೋರು ಮೂರು ತಿನ್ನಿ. ಉಳಿದ ಜಾಗಕ್ಕೆ ಮೊಳಕೆ ಹೆಸರುಕಾಳಿನ ಪಲ್ಯ, ಮೊಟ್ಟೆ, ಮೀನು ಅಥವಾ ಮೊಸರು. ಪ್ರೋಟೀನ್ ಇಲ್ಲದೆ ಬಸ್ಕಿ ಹೊಡೆದರೆ ಮಾಂಸಖಂಡ ಬೆಳೆಯೋದು ಕಷ್ಟ. ಕಾಫಿಯ ಸಕ್ಕರೆ ಎರಡರಿಂದ ಒಂದಕ್ಕೆ ಇಳಿಸಿ. ಮೊದಲ ವಾರ ಕಷಾಯ ಕುಡಿದ ಹಾಗಿರುತ್ತೆ, ಎರಡನೇ ವಾರ ಮರೆತುಹೋಗುತ್ತೆ.

ನಿಮ್ಮ ಎತ್ತರ, ತೂಕದ ಲೆಕ್ಕಕ್ಕೆ ಬಿ.ಎಂ.ಐ., ಅಂದ್ರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಅಳತೆ, 27.5 ಬರುತ್ತದೆ. ಭಾರತೀಯರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಅಂತ ಡಾಕ್ಟರುಗಳು ಲೆಕ್ಕ ಹಿಡಿಯುತ್ತಾರೆ. ಹೆದರಿಸೋಕೆ ಹೇಳಲಿಲ್ಲ. ಐದು ಕಿಲೋ ಇಳಿದರೂ ಮಂಡಿಗೆ ದೊಡ್ಡ ಬಿಡುಗಡೆ, ಯಾಕಂದ್ರೆ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಕಮ್ಮಿಯಾಗುತ್ತೆ. ನಡೆಯುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ತಕ್ಕಡಿಯನ್ನು ದಿನಾ ಹತ್ತಬೇಡಿ. ಉಪ್ಪಿನಕಾಯಿ ಜಾಸ್ತಿ ತಿಂದ ಮರುದಿನ ನೀರು ನಿಂತು ಅದು ಸುಳ್ಳು ಹೇಳುತ್ತೆ. ಟೈಲರ್ ಟೇಪು ತಗೊಂಡು ತಿಂಗಳಿಗೊಮ್ಮೆ ಹೊಟ್ಟೆ ಸುತ್ತ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ಇವತ್ತಿನ ಅಳತೆಯನ್ನು ಕ್ಯಾಲೆಂಡರಿನ ಜುಲೈ ಹಾಳೆಯ ಮೇಲೆ ಬರೆದಿಡಿ. ಪುಷ್ಯ ಮಳೆ ಹೊಯ್ಯುವಾಗ ಮತ್ತೆ ಅಳೆದು, ಆವತ್ತು ಎಷ್ಟು ಬಸ್ಕಿ ಹೊಡೆದಿರಿ ಅನ್ನೋದನ್ನೂ ಸೇರಿಸಿ ನನಗೊಂದು ಕಾಗದ ಹಾಕಿ.