ಒಳಗಿನ ಗಾಳಿ ಮತ್ತು ಕಟ್ಟಡ ಸಾಮಗ್ರಿಯ ಲೇಬಲ್: ಓದುವುದು ಹೇಗೆ?

ಪೇಂಟ್ ಡಬ್ಬದ ಮೇಲೆ ‘ಲೋ ವಿಒಸಿ’ ಅಂತ ಕಂಡರೆ ಮೊದಲು ಅಳತೆ ಯಾವುದರಲ್ಲಿದೆ ನೋಡಿ. ವಿಒಸಿ ಅಂದರೆ ಸುಲಭವಾಗಿ ಆವಿಯಾಗುವ ಸಾವಯವ ರಾಸಾಯನಿಕಗಳು. ಲೀಟರಿಗೆ ಇಷ್ಟು ಗ್ರಾಂ ಅಂತಿದ್ದರೆ ಅದು ಡಬ್ಬದೊಳಗಿನ ಲೆಕ್ಕ. ಘನ ಮೀಟರಿಗೆ ಇಷ್ಟು ಮೈಕ್ರೋಗ್ರಾಂ ಅಂತಿದ್ದರೆ ಗಾಳಿಗೆ ಸೇರುವ ಲೆಕ್ಕ. ಮನೆಯೊಳಗೆ ಇರುವವರಿಗೆ ಬೇಕಾದದ್ದು ಎರಡನೆಯದು. ಗ್ರಾಂ ಲೆಕ್ಕ ಅಮೆರಿಕದಲ್ಲಿ ಬಂದಿದ್ದೇ ಹೊರಗಿನ ಹೊಗೆಮಂಜು ತಡೆಯಲು. ಹಾಗಾಗಿ ಹೊಗೆಮಂಜು ಹೆಚ್ಚಿಸದ ಅಸಿಟೋನ್ ಅನ್ನುವ ದ್ರಾವಕ ಅದರಲ್ಲಿ ಸೇರುವುದೇ ಇಲ್ಲ!

ಗಾಳಿಯ ಲೆಕ್ಕಕ್ಕೆ ಸಾಮಗ್ರಿಯ ತುಂಡನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಶುದ್ಧ ಗಾಳಿ ಹಾಯಿಸಿ, ಹೊರಬಂದ ಗಾಳಿಯನ್ನು ಪರೀಕ್ಷಿಸುತ್ತಾರೆ. ಕ್ಯಾಲಿಫೋರ್ನಿಯಾ ವಿಧಾನದಲ್ಲಿ 10 ದಿನ ಹದಕ್ಕೆ ಬಿಟ್ಟು, ಆಮೇಲೆ 4 ದಿನ ಪೆಟ್ಟಿಗೆಯಲ್ಲಿಡುತ್ತಾರೆ. ಯುರೋಪಿನಲ್ಲಿ 28ನೇ ದಿನ ಅಳೆಯುತ್ತಾರೆ. ಬಂದ ಅಂಕಿಯನ್ನು ಒಂದು ಮಾದರಿ ಕೋಣೆಗೆ ಹೊಂದಿಸುತ್ತಾರೆ. ಯುರೋಪಿನ ಕೋಣೆ 30 ಘನ ಮೀಟರ್, ಗಂಟೆಗೆ ಅದರ ಅರ್ಧದಷ್ಟು ಹೊಸ ಗಾಳಿ. ಕೋಣೆ, ದಿನ ಎರಡೂ ಬೇರೆ ಇರುವಾಗ ಎರಡು ಕಡೆಯ ಅಂಕಿಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಗ್ರೀನ್‌ಗಾರ್ಡ್ ಗೋಲ್ಡ್ ಹೊರಗಿನ ಸಂಸ್ಥೆ ಕೊಡುವ ಪ್ರಮಾಣಪತ್ರ. ಅದರಲ್ಲಿ ಒಟ್ಟು ವಿಒಸಿ ಘನ ಮೀಟರಿಗೆ 220 ಮೈಕ್ರೋಗ್ರಾಂ ಮೀರುವಂತಿಲ್ಲ. ಫ್ರಾನ್ಸಿನ ಲೇಬಲ್ ಹಾಗಲ್ಲ. 2012ರಿಂದ ಅದು ಕಡ್ಡಾಯ, ಆದರೆ ದರ್ಜೆಯನ್ನು ತಯಾರಕರೇ ತಮ್ಮ ಹೊಣೆಯಲ್ಲಿ ಘೋಷಿಸುತ್ತಾರೆ. ಎಲ್ಲಕ್ಕಿಂತ ಒಳ್ಳೆಯ ದರ್ಜೆಯಾದ ಎ+ ಸಿಗಲು, ಹಲಗೆಯ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ಘನ ಮೀಟರಿಗೆ 10 ಮೈಕ್ರೋಗ್ರಾಂಗಿಂತ ಕಡಿಮೆ ಇರಬೇಕು. 120 ದಾಟಿದರೆ ಕೊನೆಯ ದರ್ಜೆ ಸಿ. ಅಲ್ಲಿಂದಾಚೆಗೆ ಮಿತಿಯೇ ಇಲ್ಲ! ಲೇಬಲ್ ಇದೆ ಅನ್ನುವುದಕ್ಕಿಂತ ಅದರಲ್ಲಿರುವ ಅಕ್ಷರ ಮುಖ್ಯ ಅನ್ನುವುದು ಇದಕ್ಕೇ.

ಫಾರ್ಮಾಲ್ಡಿಹೈಡ್ ಬಗ್ಗೆ ಇಷ್ಟು ಕಟ್ಟುನಿಟ್ಟು ಯಾಕೆ? 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ)ಗಳಲ್ಲಿ ಬಳಸುವ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟಿನಿಂದ ಅದು ತಿಂಗಳುಗಟ್ಟಲೆ ಹೊರಬರುತ್ತಲೇ ಇರುತ್ತದೆ. ಶೆಕೆ, ತೇವ ಹೆಚ್ಚಿದಷ್ಟೂ ಜಾಸ್ತಿ. ಯುರೋಪಿನ ಪರೀಕ್ಷೆ ನಡೆಯುವುದು 23 ಡಿಗ್ರಿ, ಶೇ. 50 ತೇವಾಂಶದಲ್ಲಿ. ಮೇ ತಿಂಗಳ ಮಂಗಳೂರು ಹಾಗಿರುತ್ತಾ? ಅಲ್ಲಿ ಹೊಸ ವಾರ್ಡ್‌ರೋಬ್ ಹಾಕಿಸಿದ ಮನೆಯಲ್ಲಿ ಲೇಬಲ್‌ನ ಅಂಕಿಗಿಂತ ಜಾಸ್ತಿಯೇ ಬರಬಹುದು ಅಂತ ಇಟ್ಟುಕೊಳ್ಳಿ, ಕಿಟಕಿ ತೆಗೆದಿಡಿ. ಅಂಗಡಿಯವರ ಹತ್ತಿರ ಪರೀಕ್ಷಾ ವರದಿ ಕೇಳಿ. ಅದರಲ್ಲಿರುವ ಹೆಸರು ನೀವು ಕೊಳ್ಳುವ ಹಲಗೆಯದ್ದೇನಾ, ದಿನಾಂಕ ಹಳೆಯದಾ, ಎರಡನ್ನೂ ನೋಡಿ.