ಮತ್ತೆ ಕೆಲಸಕ್ಕೆ ಸೇರಿದರೆ ಪಿಂಚಣಿ ನಿಲ್ಲುತ್ತದಾ?

ಪ್ರಶ್ನೆ: ಕೇಂದ್ರ ಸರ್ಕಾರಿ ಕಚೇರಿಯಿಂದ ಕಳೆದ ವರ್ಷ ನಿವೃತ್ತನಾದೆ. ಹಳೆಯ ಪಿಂಚಣಿ ಯೋಜನೆ ನನ್ನದು. ಅದೇ ಇಲಾಖೆಯವರು ಈಗ ಗುತ್ತಿಗೆ ಮೇಲೆ ಕರೆಯುತ್ತಿದ್ದಾರೆ. ಹೋದರೆ ಪಿಂಚಣಿ ನಿಂತುಹೋಗುತ್ತದೆಯೇ?

ಇಲ್ಲ, ಪಿಂಚಣಿ ಬರುತ್ತಲೇ ಇರುತ್ತದೆ. ಕತ್ತರಿ ಬೀಳುವುದು ಹೊಸ ಸಂಬಳಕ್ಕೆ.

ಹಣಕಾಸು ಸಚಿವಾಲಯದ 2020ರ ಡಿಸೆಂಬರ್ ಆದೇಶದ ಪ್ರಕಾರ, ಕೊನೆಯ ಮೂಲ ವೇತನದಲ್ಲಿ ಮೂಲ ಪಿಂಚಣಿ ಕಳೆದು ಉಳಿದದ್ದೇ ಗುತ್ತಿಗೆಯ ಸಂಬಳ. ನಿಮ್ಮ ಕೊನೆಯ ಮೂಲ ವೇತನ 80,000 ರೂಪಾಯಿ, ಪಿಂಚಣಿ 40,000 ಎಂದಿಟ್ಟುಕೊಳ್ಳಿ. ಸಿಗುವುದು 40,000. ಗುತ್ತಿಗೆ ಮುಗಿಯುವ ತನಕ ಅಷ್ಟೇ; ಇನ್‌ಕ್ರಿಮೆಂಟೂ ಇಲ್ಲ, ತುಟ್ಟಿಭತ್ಯೆಯೂ ಇಲ್ಲ.

ಬಹಳ ಜನ ಎಡವುವುದು ಕಮ್ಯುಟೇಷನ್ ಲೆಕ್ಕದಲ್ಲಿ. ನಿವೃತ್ತಿಯಾಗುವಾಗ ಶೇ 40ರಷ್ಟು ಪಿಂಚಣಿ ಬಿಟ್ಟುಕೊಟ್ಟು ಇಡಿಗಂಟು ತೆಗೆದುಕೊಂಡಿದ್ದರೆ ಈಗ ಕೈಗೆ ಬರುವ ಮೂಲ ಪಿಂಚಣಿ 24,000 ಮಾತ್ರ. ಕಳೆಯುವಾಗ ಮಾತ್ರ ಪೂರ್ತಿ 40,000 ಕಳೆಯುತ್ತಾರೆ. ‘ಬರ್ತಿರೋದೇ 24 ಸಾವಿರ, ಅದನ್ನೇ ಕಳೀರಿ ಸ್ವಾಮಿ’ ಎಂದು ವಾದಿಸಿ ಫಲವಿಲ್ಲ. ಉಳಿದದ್ದು ಇಡಿಗಂಟಾಗಿ ಆಗಲೇ ನಿಮಗೆ ಸಂದಿದೆ ಅನ್ನುವುದು ಸರ್ಕಾರದ ಲೆಕ್ಕ. ಅದರಲ್ಲಿ ತಪ್ಪೂ ಕಾಣುವುದಿಲ್ಲ. ಬೆಲೆ ಏರಿಕೆಗೆ ತಕ್ಕಂತೆ ಪಿಂಚಣಿಯ ಮೇಲೆ ಕೊಡುವ ತುಟ್ಟಿ ಪರಿಹಾರವೂ ಪೂರ್ತಿ 40,000ದ ಮೇಲೆಯೇ ಸಿಗುತ್ತದಲ್ಲ!

ಆದರೆ ನೇಮಕದ ಆದೇಶವನ್ನು ಸರಿಯಾಗಿ ಓದಿ. ‘ಗುತ್ತಿಗೆ’ ಅಥವಾ ‘ಸಲಹೆಗಾರ’ ಎಂದಿದ್ದು, ಇದು ಪುನರ್ನೇಮಕವಲ್ಲ ಎಂಬ ಸಾಲೂ ಇದ್ದರೆ ತುಟ್ಟಿ ಪರಿಹಾರದ ಚಿಂತೆಯಿಲ್ಲ. ಮಂಜೂರಾದ ಹುದ್ದೆಗೆ, ವೇತನ ಶ್ರೇಣಿಯಲ್ಲಿ ಪುನರ್ನೇಮಕವಾದರೆ ತುಟ್ಟಿ ಪರಿಹಾರ ಸಾಮಾನ್ಯವಾಗಿ ನಿಲ್ಲುತ್ತದೆ. ಹೊಸ ಸಂಬಳದ ಮೇಲೆ ತುಟ್ಟಿಭತ್ಯೆ ಇರುವಾಗ ಎರಡೂ ಕಡೆ ಕೊಡುವುದಿಲ್ಲ. ರಾಜ್ಯ ಸರ್ಕಾರ, ಸಾರ್ವಜನಿಕ ಉದ್ದಿಮೆ, ಸ್ವಾಯತ್ತ ಸಂಸ್ಥೆಗೆ ಸೇರಿದರೂ ಹೀಗೇ. ‘ಎ’ ಗುಂಪಿಗಿಂತ (ಉನ್ನತ ಅಧಿಕಾರಿಗಳ ವರ್ಗ) ಕೆಳಗಿನ ಹುದ್ದೆಯಲ್ಲಿದ್ದ ನಾಗರಿಕ ಪಿಂಚಣಿದಾರರಿಗೆ ಮತ್ತು ಅಧಿಕಾರಿ ದರ್ಜೆಗಿಂತ ಕೆಳಗಿದ್ದ ಮಾಜಿ ಸೈನಿಕರಿಗೆ ಮಾತ್ರ, ಪಿಂಚಣಿಯನ್ನು ಲೆಕ್ಕಕ್ಕೆ ಹಿಡಿಯದೆ ಹೊಸ ಹುದ್ದೆಯ ಕನಿಷ್ಠ ವೇತನ ನಿಗದಿಯಾಗಿದ್ದರೆ, ತುಟ್ಟಿ ಪರಿಹಾರ ಮುಂದುವರಿಯುತ್ತದೆ.

ಖಾಸಗಿ ಕಂಪನಿಗೆ ಹೋದರೆ ಪಿಂಚಣಿಗೂ ತುಟ್ಟಿ ಪರಿಹಾರಕ್ಕೂ ಏನೂ ಆಗದು. ‘ಎ’ ಗುಂಪಿನ ಅಧಿಕಾರಿಯಾಗಿದ್ದವರು ಮಾತ್ರ ನಿವೃತ್ತಿಯಾದ ಒಂದು ವರ್ಷದೊಳಗೆ ಸೇರುವುದಾದರೆ ಮೊದಲೇ ಸರ್ಕಾರದ ಅನುಮತಿ ಪಡೆಯಬೇಕು.

ಪ್ರತಿ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರದ ಜೊತೆ ‘ಮರು ಉದ್ಯೋಗದಲ್ಲಿಲ್ಲ’ ಎಂಬ ಘೋಷಣೆಯೂ ಇರುತ್ತದೆ. ಪುನರ್ನೇಮಕವಾದವರು ಹಳೆಯ ರೂಢಿಯಲ್ಲಿ ಅದಕ್ಕೆ ಸಹಿ ಹಾಕಿಬಿಟ್ಟರೆ, ಹೆಚ್ಚಿಗೆ ಬಂದ ತುಟ್ಟಿ ಪರಿಹಾರವನ್ನು ಬ್ಯಾಂಕು ಮುಂದೆ ಪಿಂಚಣಿಯಲ್ಲೇ ಮುರಿದುಕೊಳ್ಳುತ್ತದೆ.